ದಿನಕ್ಕೆ ನಾಲ್ಕು ಸಾಲು



ನೀವು ಅಕ್ಷರ ಕಲಿತಿದ್ದೀರಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ಸಹಿ ಮಾಡುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಪಾಸ್‌ಬುಕ್ಕಿನಲ್ಲಿ ಎಷ್ಟು ಹಣ ಇದೆ ಎಂದು ನೋಡುತ್ತೀರಿ.

ಆದರೆ ಒಂದು ಮಾತು. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಕಲಿತ ಅಕ್ಷರವೂ ಹಾಗೆಯೇ. ದಿನಾ ಬಳಸಬೇಕು. ಹೇಗೆ ಬಳಸುವುದು? ಅದಕ್ಕೆ ಒಂದು ದಾರಿ ಈ ಪಾಠದಲ್ಲಿದೆ.

ಮೊದಲು ಒಂದು ಕಥೆ ಓದೋಣ. ಇದು ಪಾಠಕ್ಕಾಗಿ ಕಟ್ಟಿದ ಕಥೆ. ಕಥೆಯ ಹೆಂಗಸಿಗೆ ಗೌರಮ್ಮ ಎಂದು ಹೆಸರಿಡೋಣ. ಅವಳು ನಿಮ್ಮ ಹಾಗೆಯೇ ಇದ್ದಾಳೆ. ಎರಡು ಎಕರೆ ಹೊಲ. ಒಂದು ಹಸು. ಗಂಡ, ಅತ್ತೆ. ಆರನೇ ತರಗತಿ ಓದುವ ಮಗಳು. ಮೂರು ವರ್ಷದ ಮಗ.

ಯಾವ ಡೈರಿ?

ಅಂದು ಕಲಿಕಾ ಕೇಂದ್ರದಲ್ಲಿ ಕೊನೆಯ ಪಾಠ ಮುಗಿಯಿತು. ಪಾಠ ಹೇಳುವ ಹುಡುಗಿ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಳು.

"ಇನ್ನು ಮೇಲೆ ಎಲ್ಲರೂ ದಿನಾ ಡೈರಿ ಬರೀಬೇಕು" ಎಂದಳು.

ಗೌರಮ್ಮ ತಟ್ಟನೆ ಕೇಳಿದಳು.

"ಡೈರೀಗೆ ದಿನಾ ಹಾಲು ಹಾಕ್ತೀವಲ್ಲ ಟೀಚರಮ್ಮ. ಲೆಕ್ಕ ಅವರೇ ಬರ್ಕೋತಾರೆ. ನಾವ್ಯಾಕೆ ಬರೀಬೇಕು?"

ಎಲ್ಲರೂ ನಕ್ಕರು. ಟೀಚರಮ್ಮನೂ ನಕ್ಕಳು.

"ಹಾಲಿನ ಡೈರಿ ಅಲ್ಲ ಗೌರಮ್ಮಕ್ಕ. ಇದು ಬರೆಯೋ ಡೈರಿ. ದಿನಚರಿ ಅಂತಾರೆ. ಇವತ್ತು ಏನೇನು ನಡೀತು ಅಂತ ರಾತ್ರಿ ಕೂತು ಬರೆಯೋದು. ನಾಲ್ಕು ಸಾಲು ಸಾಕು."

"ನಮ್ಮ ದಿನದಾಗೆ ಬರೆಯೋಕೆ ಏನೈತೆ? ಏಳೋದು, ಕಸ ಗುಡಿಸೋದು, ಮುದ್ದೆ ತಿರುವೋದು, ಕೂಲಿಗೆ ಹೋಗೋದು, ಬಂದು ಮಲಗೋದು. ನೆನ್ನೆ ಹೆಂಗೋ ಇವತ್ತೂ ಹಂಗೇ."

"ಒಂದು ತಿಂಗಳು ಬರೆದು ನೋಡಿ ಅಕ್ಕ. ತಿಂಗಳಾದ ಮೇಲೆ ಮೊದಲಿಂದ ತಿರುವಿ ಓದಿ. ಆಮೇಲೆ ಹೇಳಿ, ನೆನ್ನೆಯೂ ಇವತ್ತೂ ಒಂದೇನಾ ಅಂತ."

ಮೊದಲ ತಿಂಗಳು

ಜೂನ್ 1ರ ರಾತ್ರಿ ಗೌರಮ್ಮ ಪುಸ್ತಕ ತೆಗೆದಳು. ಮೂರು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಕೈ ನೋಯಿತು. ಒತ್ತಕ್ಷರ ತಪ್ಪಿತು. ಮಗಳು ಪಕ್ಕದಲ್ಲಿ ಕೂತು ನೋಡಿದಳು.

"ಅವ್ವಾ, 'ಬಿತ್ತನೆ'ಗೆ ತ ಒತ್ತು ಕೊಡಬೇಕು" ಎಂದಳು.

"ಕೊಡ್ತೀನಿ ಬಿಡೇ. ನನ್ನ ಪುಸ್ತಕ ನಾನೇ ತಾನೆ ಓದೋದು" ಎಂದಳು ಗೌರಮ್ಮ. ಆದರೂ ಒತ್ತು ಕೊಟ್ಟಳು.

ಅವಳು ಬರೆದ ಕೆಲವು ಪುಟ ಇಲ್ಲಿವೆ. ಓದಿ.

ಜೂನ್ 1. ಮಳೆ ಬಂತು. ಹಾಲು 4 ಲೀಟರ್. ಬಿತ್ತನೆ ಬೀಜ ತರಬೇಕು.

ಜೂನ್ 5. ಗೊಬ್ಬರ ಹರಡಲು ಹೋದೆ. ಕೂಲಿ 300 ಬಂತು. ಹಸು ಬೆಳಗಿನಿಂದ ಕೂಗುತ್ತಿತ್ತಂತೆ. ಮಗಳು ಮನೆಯಲ್ಲಿ.

ಜೂನ್ 8. ಅತ್ತೆಗೆ ಕೆಮ್ಮು. ಶುಂಠಿ ಕಷಾಯ ಕೊಟ್ಟೆ.

ಜೂನ್ 14. ಅತ್ತೆಗೆ ಕೆಮ್ಮು ಹೋಗಿಲ್ಲ. ಅಂಗಡಿ ಸಾಲ 140. ಮಗಳು ಮನೆಯಲ್ಲಿ.

ಜೂನ್ 19. ಸಂತೆಗೆ ಹೋದೆ. ಬಸ್ಸಿನ ಬೋರ್ಡು ನಾನೇ ಓದಿದೆ. ಯಾರನ್ನೂ ಕೇಳಲಿಲ್ಲ. ಖುಷಿ ಆಯಿತು.

ಜೂನ್ 22. ಅತ್ತೆ ರಾತ್ರಿಯೆಲ್ಲ ಕೆಮ್ಮಿದರು. ನನಗೂ ನಿದ್ದೆ ಇಲ್ಲ. ಸಿಟ್ಟು ಬಂತು. ಮಗನಿಗೆ ಹೊಡೆದೆ. ಹೊಡೆಯಬಾರದಿತ್ತು.

ಜೂನ್ 26. ಹಸು ಮತ್ತೆ ಕೂಗಿತು. ಹಾಲು 3 ಲೀಟರ್. ಮಗಳು ಮನೆಯಲ್ಲಿ.

ಜೂನ್ 30. ಅತ್ತೆಗೆ ಕೆಮ್ಮು. ಕೂಲಿ ಬಾಕಿ 600. ಮಗಳು ಮನೆಯಲ್ಲಿ.

ನೋಡಿದಿರಾ? ಎಲ್ಲವೂ ಸಣ್ಣ ಸಂಗತಿ. ಸಣ್ಣ ಮಾತು. ನಿಮ್ಮ ಮನೆಯಲ್ಲೂ ನಡೆಯುವಂಥವೇ.

ತಿರುವಿ ನೋಡಿದ ರಾತ್ರಿ

ಜೂನ್ 30ರ ರಾತ್ರಿ. ಎಲ್ಲರೂ ಮಲಗಿದ್ದರು. ಗೌರಮ್ಮ ಅಂದಿನ ಸಾಲು ಬರೆದಳು. ಟೀಚರಮ್ಮ ಹೇಳಿದ್ದು ನೆನಪಾಯಿತು. ಮೊದಲ ಪುಟ ತೆಗೆದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

ಓದುತ್ತಾ ಮೂರು ಸಂಗತಿ ಅವಳ ಕಣ್ಣಿಗೆ ಬಿದ್ದವು.

ಮೊದಲನೆಯದು ಹಸು

ಜೂನ್ 5ಕ್ಕೆ ಹಸು ಕೂಗಿತ್ತು. ಜೂನ್ 26ಕ್ಕೆ ಮತ್ತೆ ಕೂಗಿತ್ತು. ಗೌರಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ಸರಿಯಾಗಿ 21 ದಿನ.

ಅದು ಬೆದೆಗೆ ಬಂದಿತ್ತು. ಎರಡು ಸಲವೂ ಇವಳು ಕೂಲಿಗೆ ಹೋಗಿದ್ದಳು. ಸಂಜೆ ಬಂದು ನೋಡುವಾಗ ದಣಿವು. ಸೂಜಿ ಹಾಕಿಸುವವರನ್ನು ಕರೆಯಲಿಲ್ಲ. ಎರಡು ಸಲ ಬೆದೆ ತಪ್ಪಿತ್ತು.

ಹಸು ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದೆರಡು ದಿನ ಹೆಚ್ಚು ಕಡಿಮೆ ಆಗಬಹುದು. ಬೆದೆ ಇರುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು. ಅದು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಗಬ್ಬ ತಡವಾದಷ್ಟೂ ಮುಂದಿನ ಹಾಲು ತಡ. ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ.

ಗೌರಮ್ಮ ಜೂನ್ 26ರಿಂದ ಮುಂದಕ್ಕೆ 21 ದಿನ ಎಣಿಸಿದಳು. ಜುಲೈ 17 ಬಂತು. ಆ ಪುಟದಲ್ಲಿ ಮೊದಲೇ ಬರೆದಿಟ್ಟಳು: "ಹಸು ನೋಡಬೇಕು. ಕೂಲಿಗೆ ಹೋಗಬಾರದು."

ಎರಡನೆಯದು ಕೆಮ್ಮು

ಜೂನ್ 8, 14, 22, 30. ನಾಲ್ಕು ಕಡೆ ಅತ್ತೆಯ ಕೆಮ್ಮು. ದಿನ ದಿನ ನೋಡುವಾಗ "ಇವತ್ತು ಸ್ವಲ್ಪ ಕಡಿಮೆ" ಎನ್ನಿಸುತ್ತಿತ್ತು. ಪುಸ್ತಕದಲ್ಲಿ ನೋಡಿದರೆ ಮೂರು ವಾರ ದಾಟಿತ್ತು.

ಗೌರಮ್ಮನಿಗೆ ಅಕ್ಷರ ಕಲಿಯುವಾಗ ಓದಿದ ಗೋಡೆ ಬರಹ ನೆನಪಾಯಿತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು ಎಂದು ಅದರಲ್ಲಿತ್ತು.

ಜುಲೈ 2ರಂದು ಅತ್ತೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಎಷ್ಟು ದಿನದಿಂದ ಕೆಮ್ಮು ಅಜ್ಜಿ?" ಎಂದು ಡಾಕ್ಟರು ಕೇಳಿದರು.

"ನಾಲ್ಕೈದು ದಿನ ಆಗಿರಬೇಕು ಸ್ವಾಮಿ" ಎಂದಳು ಅತ್ತೆ.

"ಇಲ್ಲ ಡಾಕ್ಟ್ರೇ. ಜೂನ್ 8ರಿಂದ. ಇವತ್ತಿಗೆ 24 ದಿನ" ಎಂದಳು ಗೌರಮ್ಮ. ಸೆರಗಿನೊಳಗಿಂದ ಪುಸ್ತಕ ತೆಗೆದು ತೋರಿಸಿದಳು.

ಡಾಕ್ಟರು ಪುಟ ತಿರುವಿ ನೋಡಿದರು. ಕೂಡಲೇ ಕಫ ಪರೀಕ್ಷೆಗೆ ಬರೆದುಕೊಟ್ಟರು. ಅತ್ತೆಗೆ ಕ್ಷಯ ಇತ್ತು. ಅದನ್ನೇ ಟಿ.ಬಿ. ಎನ್ನುತ್ತಾರೆ.

ಗೌರಮ್ಮನಿಗೆ ಎದೆ ಝಲ್ಲೆಂದಿತು. ಆದರೆ ಡಾಕ್ಟರು ಧೈರ್ಯ ಹೇಳಿದರು. "ಇದು ವಾಸಿಯಾಗುವ ಕಾಯಿಲೆ. ಔಷಧ ಉಚಿತ. ಆರು ತಿಂಗಳು ತಪ್ಪದೆ ತಿನ್ನಬೇಕು. ಚೆನ್ನಾಗಿದ್ದೇನೆ ಅಂತ ಮಧ್ಯೆ ಬಿಡಬಾರದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಮನೆಯ ಉಳಿದವರಿಗೂ ಪರೀಕ್ಷೆ ಮಾಡಿಸಿ. ಮಕ್ಕಳನ್ನು ಮರೆಯಬೇಡಿ."

ಅಂದಿನಿಂದ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿತು: "ಅತ್ತೆ ಮಾತ್ರೆ ತಿಂದರು."

ಮೂರನೆಯದು ಮಗಳು

ಇದು ಎಲ್ಲಕ್ಕಿಂತ ಕಷ್ಟದ ಸಂಗತಿ. ಹಸು ಮಾತಾಡುವುದಿಲ್ಲ. ಕೆಮ್ಮು ಯಾರ ತಪ್ಪೂ ಅಲ್ಲ. ಇದು ಗೌರಮ್ಮನದೇ ತಪ್ಪು.

"ಮಗಳು ಮನೆಯಲ್ಲಿ." ಈ ಮಾತು ಎಷ್ಟು ಸಲ ಇದೆ ಎಂದು ಅವಳು ಎಣಿಸಿದಳು. ಒಂದು, ಎರಡು, ಮೂರು. ಒಂಬತ್ತು ಸಲ ಇತ್ತು.

ಗೌರಮ್ಮ ಕೂಲಿಗೆ ಹೋದ ದಿನ ಚಿಕ್ಕ ಮಗನನ್ನು ನೋಡುವವರು ಬೇಕು. ಅತ್ತೆಗೆ ಕೈಲಾಗದು. ಮಗಳನ್ನು ನಿಲ್ಲಿಸಿಕೊಳ್ಳುತ್ತಿದ್ದಳು. "ಇವತ್ತೊಂದು ದಿನ ಇರವ್ವ" ಎನ್ನುತ್ತಿದ್ದಳು. ಪ್ರತಿ ಸಲವೂ ಅದು ಒಂದೇ ದಿನ. ಪುಸ್ತಕದಲ್ಲಿ ಕೂಡಿಸಿದರೆ ಒಂಬತ್ತು ದಿನ.

ಬೆಳಿಗ್ಗೆ ಗಂಡನಿಗೆ ಹೇಳಿದಳು.

"ಎಲ್ಲೋ ಎರಡು ದಿನ ಬಿಟ್ಟಿರಬೇಕು. ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೊಂತೀಯ?" ಎಂದ ಅವನು.

ಅವಳು ಮಾತಾಡಲಿಲ್ಲ. ಪುಸ್ತಕ ಕೊಟ್ಟಳು. ಅವನು ಒಂದೊಂದೇ ಪುಟ ತಿರುವಿದ. ಕೊನೆಯ ಪುಟಕ್ಕೆ ಬರುವಾಗ ಸುಮ್ಮನಾಗಿದ್ದ.

ಗೌರಮ್ಮ ಹೇಳಿದಳು: "ನಮ್ಮವ್ವನೂ ನನ್ನನ್ನ ಹಿಂಗೇ ನಿಲ್ಲಿಸ್ಕೊಂಡಿದ್ದು. ತಮ್ಮನ್ನ ನೋಡ್ಕೋ, ಇವತ್ತೊಂದು ದಿನ ಅಂತ. ಆ ಒಂದು ದಿನ ಮೂವತ್ತು ವರ್ಷ ಆಯ್ತು. ಈಗ ಅ ಆ ಇ ಈ ಕಲಿತಾ ಇದ್ದೀನಿ. ಇವಳಿಗೂ ಹಂಗೇ ಆಗ್ಬೇಕಾ?"

ಚಿಕ್ಕವನಿಗೆ ಮೂರು ವರ್ಷ ತುಂಬಿತ್ತು. ಅವನನ್ನು ಅಂಗನವಾಡಿಗೆ ಸೇರಿಸಿದರು. ಕರೆದುಕೊಂಡು ಬರುವುದು ಗಂಡನ ಕೆಲಸ ಎಂದು ಗೊತ್ತುಮಾಡಿಕೊಂಡರು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಜುಲೈ ತಿಂಗಳಲ್ಲೂ "ಮಗಳು ಮನೆಯಲ್ಲಿ" ಎಂಬ ಮಾತು ಮೂರು ಸಲ ಬಂತು. ಆಗಸ್ಟಿನಲ್ಲಿ ಒಂದು ಸಲ. ಆ ಒಂದು ಸಲ ಮಗಳಿಗೆ ನಿಜವಾಗಿಯೂ ಜ್ವರ ಇತ್ತು.

ಜುಲೈ 17ಕ್ಕೆ ಏನಾಯಿತು? ಹಸು ಬೆಳಿಗ್ಗೆ ಕೂಗಿತು. ಗೌರಮ್ಮ ಮನೆಯಲ್ಲೇ ಇದ್ದಳು. ಸಂಜೆಗೆ ಸೂಜಿ ಹಾಕಿಸಿದಳು. ಆಗಸ್ಟ್ 7ಕ್ಕೆ ಮತ್ತೆ 21 ದಿನ ಆಯಿತು. ಆ ದಿನ ಹಸು ಕೂಗಲಿಲ್ಲ. ಗಬ್ಬ ನಿಂತಿರಬಹುದು. ಎರಡು ಮೂರು ತಿಂಗಳ ಮೇಲೆ ಪಶುವೈದ್ಯರು ಪರೀಕ್ಷೆ ಮಾಡಿ ಖಚಿತ ಹೇಳುತ್ತಾರೆ. ಹಸುವಿನ ಗಬ್ಬ ಸುಮಾರು 280 ದಿನ. ಗೌರಮ್ಮ ಎಣಿಸಿದಳು. ಕರು ಹಾಕುವುದು ಏಪ್ರಿಲ್ ತಿಂಗಳ ಕೊನೆಯ ವಾರದ ಸುಮಾರಿಗೆ.

ಅದನ್ನೂ ಬರೆದಿಟ್ಟಳು.

ಪುಸ್ತಕ ಏನು ಮಾಡಿತು?

ಪುಸ್ತಕ ಹೊಸದೇನನ್ನೂ ಹೇಳಲಿಲ್ಲ. ಗೌರಮ್ಮನಿಗೆ ಗೊತ್ತಿದ್ದದ್ದನ್ನೇ ಹೇಳಿತು. ಆದರೆ ಒಟ್ಟಾಗಿ ಹೇಳಿತು.

ನಮ್ಮ ನೆನಪು ಒಳ್ಳೆಯದೇ. ಯಾರ ಮದುವೆಗೆ ಯಾರು ಏನು ಮುಯ್ಯಿ ಹಾಕಿದರು ಎಂಬುದು ನಮಗೆ ಹತ್ತು ವರ್ಷ ಆದರೂ ನೆನಪಿರುತ್ತದೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಆಗುವ ಸಂಗತಿ ನೆನಪಿಗೆ ಸಿಕ್ಕುವುದಿಲ್ಲ. ಮೊನ್ನೆಯದು ನಿನ್ನೆಯದರ ಜೊತೆ ಕಲೆಸಿ ಹೋಗುತ್ತದೆ. ಹನಿ ಹನಿ ಸೋರಿದರೆ ಕೊಡ ಬರಿದಾಗುವುದು ಗೊತ್ತಾಗುವುದಿಲ್ಲ. ಬರೆದಿಟ್ಟರೆ ಪ್ರತಿ ಹನಿಗೂ ಲೆಕ್ಕ ಸಿಕ್ಕುತ್ತದೆ.

ಅದಕ್ಕೇ ಬರೆಯುವುದು ಅರ್ಧ ಕೆಲಸ. ತಿರುವಿ ಓದುವುದು ಇನ್ನರ್ಧ ಕೆಲಸ. ಬರೆದು ಮೂಲೆಗೆ ಇಟ್ಟ ಪುಸ್ತಕ, ರಾಗಿ ತುಂಬಿ ಮರೆತ ಹಗೇವಿನ ಹಾಗೆ.

ಮಹಾತ್ಮ ಗಾಂಧಿಯವರು 1888ರಲ್ಲಿ ಓದಲು ಇಂಗ್ಲೆಂಡಿಗೆ ಹೋದರು. ಕೈಯಲ್ಲಿ ಹಣ ಕಡಿಮೆ. ಆಗ ಅವರು ಬಸ್ಸಿನ ಚಾರ್ಜು, ಅಂಚೆ ಖರ್ಚು, ಪತ್ರಿಕೆಯ ಕಾಸು ಎಲ್ಲವನ್ನೂ ಬರೆಯುತ್ತಿದ್ದರು. ಪ್ರತಿ ರಾತ್ರಿ ಮಲಗುವ ಮೊದಲು ಕೂಡಿ ಕಳೆದು ಲೆಕ್ಕ ಸರಿಯಿದೆಯೇ ಎಂದು ನೋಡುತ್ತಿದ್ದರು. ಈ ಅಭ್ಯಾಸ ಕೊನೆಯವರೆಗೂ ತಮಗೆ ಉಪಕಾರ ಮಾಡಿತು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿದ್ದಾರೆ.

ಬರೆದ ಹೆಂಗಸರು

"ಬರೆಯೋದು ಓದಿದೋರ ಕೆಲಸ. ನಮಗ್ಯಾಕೆ?" ಎಂದು ನೀವು ಕೇಳಬಹುದು. ಇಬ್ಬರು ಹೆಂಗಸರ ನಿಜ ಸಂಗತಿ ಕೇಳಿ.

ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಹೆಂಗಸು ಇದ್ದರು. ಅದು 200 ವರ್ಷದ ಹಿಂದಿನ ಕಾಲ. ಅವರ ಊರು ಈಗ ಬಾಂಗ್ಲಾದೇಶದಲ್ಲಿದೆ. ಹೆಣ್ಣು ಓದಿದರೆ ವಿಧವೆ ಆಗುತ್ತಾಳೆ ಎಂದು ಆಗ ಜನ ನಂಬಿದ್ದರು. ರಾಸಸುಂದರಿಗೆ 12 ವರ್ಷಕ್ಕೇ ಮದುವೆ ಆಯಿತು. ದೊಡ್ಡ ಸಂಸಾರ. ಬೆಳಗಿನಿಂದ ರಾತ್ರಿವರೆಗೆ ಅಡುಗೆ ಕೆಲಸ.

ಅವರಿಗೆ ಓದುವ ಆಸೆ. ಒಂದು ದಿನ ಮನೆಯಲ್ಲಿದ್ದ ಚೈತನ್ಯ ಭಾಗವತದ ಒಂದು ಹಾಳೆ ಕಿತ್ತುಕೊಂಡರು. ಮಗ ಅಕ್ಷರ ತಿದ್ದಿದ ಒಂದು ತಾಳೆಗರಿಯನ್ನೂ ಬಚ್ಚಿಟ್ಟುಕೊಂಡರು. ಅಡುಗೆ ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಹೋಲಿಸಿ ನೋಡುತ್ತಿದ್ದರು. ಹೀಗೆ ಒಂದೊಂದೇ ಅಕ್ಷರ ಕಲಿತರು. ಬರೆಯಲು ಕಲಿತದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಮುಂದೆ ತಮ್ಮ ಬದುಕಿನ ಕಥೆಯನ್ನು ತಾವೇ ಬರೆದರು. "ಆಮಾರ್ ಜೀಬನ್" ಎಂದು ಅದರ ಹೆಸರು. ನನ್ನ ಬದುಕು ಎಂದು ಅರ್ಥ. ಅದು 1876ರಲ್ಲಿ ಅಚ್ಚಾಯಿತು. ಬಂಗಾಳಿಯಲ್ಲಿ ಹೆಂಗಸು ಬರೆದ ಮೊದಲ ಆತ್ಮಕಥೆ ಅದು.

ಇನ್ನೊಬ್ಬರು ನಮ್ಮ ಕಾಲದವರು. ಹೆಸರು ಬೇಬಿ ಹಾಲ್ದಾರ್. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟರು. ಚಿಕ್ಕ ವಯಸ್ಸಿಗೇ ಮದುವೆ ಆಯಿತು. ಗಂಡನ ಹೊಡೆತ ತಾಳಲಾರದೆ ಮೂರು ಮಕ್ಕಳನ್ನು ಕರೆದುಕೊಂಡು ದೆಹಲಿ ಕಡೆಗೆ ಹೊರಟರು. ಮನೆಗೆಲಸ ಮಾಡಿ ಹೊಟ್ಟೆ ಹೊರೆದರು. ಒಂದು ಮನೆಯಲ್ಲಿ ಪುಸ್ತಕದ ಧೂಳು ಒರೆಸುವಾಗ ಪುಸ್ತಕ ತೆಗೆದು ನೋಡುತ್ತಿದ್ದರು. ಆ ಮನೆಯ ಯಜಮಾನರು ಪ್ರಬೋಧ್ ಕುಮಾರ್. ಅವರು ಅದನ್ನು ಕಂಡು ಗದರಲಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು ಕೊಟ್ಟರು. ನಿನ್ನ ಬದುಕಿನ ಕಥೆ ಬರೆ ಎಂದರು.

ಬೇಬಿ ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆದರು. ಕಾಗುಣಿತ ತಪ್ಪಿತು. ಆದರೂ ಬರೆದರು. 2002ರಲ್ಲಿ ಅದು ಹಿಂದಿಯಲ್ಲಿ "ಆಲೋ ಆಂಧಾರಿ" ಎಂಬ ಪುಸ್ತಕವಾಗಿ ಬಂತು. 2006ರಲ್ಲಿ ಇಂಗ್ಲಿಷಿಗೂ ಹೋಯಿತು.

ನಮ್ಮ ದಿನಚರಿ ಅಚ್ಚಾಗಬೇಕಿಲ್ಲ. ಆದರೆ ನೆನಪಿಡಿ. ಆ ಇಬ್ಬರೂ ಶುರು ಮಾಡಿದ್ದು ನಮ್ಮ ಹಾಗೆಯೇ, ಒಂದೊಂದೇ ಅಕ್ಷರ ಕೂಡಿಸಿ.

ಏನು ಬರೆಯಬೇಕು?

ದಿನಕ್ಕೆ ನಾಲ್ಕು ಸಾಲು ಸಾಕು. ಹೀಗೆ ಬರೆಯಿರಿ.

ಮೊದಲು ತಾರೀಖು. ಇದನ್ನು ಎಂದೂ ಮರೆಯಬೇಡಿ. ತಾರೀಖು ಇಲ್ಲದ ಮಾತು ಬೇರಿಲ್ಲದ ಗಿಡ.

ಮೊದಲ ಸಾಲು: ಮನೆಯವರ ಆರೋಗ್ಯ. ಯಾರಿಗೆ ಜ್ವರ, ಯಾರಿಗೆ ಕೆಮ್ಮು. ಮಗುವಿಗೆ ಲಸಿಕೆ ಹಾಕಿಸಿದ ದಿನ. ನೀವು ಮುಟ್ಟಾದ ದಿನ. ಮುಟ್ಟಿನ ದಿನ ಬರೆದಿಟ್ಟರೆ ಬಸುರಾದಾಗ ಅನುಕೂಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಸುಮಾರು 280 ದಿನಕ್ಕೆ ಹೆರಿಗೆ ದಿನ ಗೊತ್ತುಮಾಡುತ್ತಾರೆ. ಅಂದರೆ 9 ತಿಂಗಳು 7 ದಿನ. ಡಾಕ್ಟರಾಗಲಿ ನರ್ಸಮ್ಮನಾಗಲಿ ಮೊದಲು ಕೇಳುವುದು ಆ ತಾರೀಖನ್ನೇ.

ಎರಡನೇ ಸಾಲು: ದುಡಿಮೆ ಮತ್ತು ದುಡ್ಡು. ಯಾರ ಹೊಲಕ್ಕೆ ಹೋದಿರಿ? ಕೂಲಿ ಬಂತೇ, ಬಾಕಿ ಇದೆಯೇ? ಅಂಗಡಿಯಲ್ಲಿ ಏನು ಸಾಲ ತಂದಿರಿ? ಸಂಘಕ್ಕೆ ಎಷ್ಟು ಕಟ್ಟಿದಿರಿ?

ಮೂರನೇ ಸಾಲು: ಹೊಲ, ದನ, ಮಳೆ. ಯಾವ ದಿನ ಬಿತ್ತಿದಿರಿ? ಯಾವ ದಿನ ಮಳೆ ಬಂತು? ಕೋಳಿಯನ್ನು ಕಾವಿಗೆ ಕೂರಿಸಿದ ದಿನ ಯಾವುದು? ಕೋಳಿ ಮೊಟ್ಟೆ ಒಡೆದು ಮರಿ ಬರುವುದು 21 ದಿನಕ್ಕೆ.

ನಾಲ್ಕನೇ ಸಾಲು: ಮನಸ್ಸು. ಇವತ್ತು ಏನು ಖುಷಿ? ಏನು ಬೇಜಾರು? ಇದನ್ನು ಬಿಡಬೇಡಿ. ಹೆಂಗಸರು ಎಲ್ಲರ ಕಷ್ಟ ಕೇಳುತ್ತಾರೆ. ತಮ್ಮ ಕಷ್ಟ ಹೇಳಲು ಜಾಗ ಇರುವುದಿಲ್ಲ. ಪುಸ್ತಕ ಒಂದು ಜಾಗ.

ಮನಸ್ಸಿನ ಮಾತು ಬರೆಯುವುದರಿಂದ ಏನು ಉಪಯೋಗ? ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಮತ್ತು ಅವರ ಜೊತೆಯವರು ಒಂದು ಪರೀಕ್ಷೆ ಮಾಡಿದರು. ಅದರ ವರದಿ 1986ರಲ್ಲಿ ಬಂತು. ಕೆಲವು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಮನಸ್ಸಿಗೆ ತುಂಬಾ ನೋವು ಕೊಟ್ಟ ಸಂಗತಿ ಬರೆದರು. ಇನ್ನು ಕೆಲವರು ಸಾಧಾರಣ ಸಂಗತಿ ಬರೆದರು. ಆ ನೋವು ಹೇಗಾಯಿತು, ತಮಗೆ ಏನನ್ನಿಸಿತು ಎಂದು ಎರಡನ್ನೂ ಸೇರಿಸಿ ಬರೆದವರಿಗೆ ಬರೆಯುವಾಗ ದುಃಖವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಬಳಿಗೆ ಹೋದದ್ದು ಕಡಿಮೆ.

ಬರೆದರೆ ಎಲ್ಲ ದುಃಖವೂ ಹೋಗುತ್ತದೆ ಎಂದಲ್ಲ. ಕೆಲವರಿಗೆ ಬರೆದರೆ ಭಾರ ಇಳಿಯುತ್ತದೆ. ಬರೆದಾಗ ದುಃಖ ಹೆಚ್ಚುತ್ತಲೇ ಹೋದರೆ ನಿಲ್ಲಿಸಿ. ನಂಬಿದವರ ಬಳಿ ಮಾತಾಡಿ. ಡಾಕ್ಟರಿಗೂ ಹೇಳಿ.

ತಿರುವಿ ನೋಡುವುದು ಹೇಗೆ?

ವಾರಕ್ಕೊಮ್ಮೆ ಹತ್ತು ನಿಮಿಷ ಕೂತುಕೊಳ್ಳಿ. ಸಂತೆಯ ಹಿಂದಿನ ದಿನ ಒಳ್ಳೆಯದು. ಖರ್ಚಿನ ಅಂದಾಜೂ ಸಿಕ್ಕುತ್ತದೆ. ಆ ವಾರದ ಏಳು ಪುಟ ಓದಿ.

ತಿಂಗಳಿಗೊಮ್ಮೆ ಇಡೀ ತಿಂಗಳು ಓದಿ. ಓದುವಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಯಾವ ಮಾತು ಮತ್ತೆ ಮತ್ತೆ ಬಂದಿದೆ? ಅದರ ಕೆಳಗೆ ಗೆರೆ ಎಳೆಯಿರಿ. ಎಷ್ಟು ಸಲ ಎಂದು ಎಣಿಸಿ.

2. ಯಾವ ಕೆಲಸ ಬಾಕಿ ಇದೆ? ಯಾರಿಂದ ಹಣ ಬರಬೇಕು? ಯಾರಿಗೆ ಕೊಡಬೇಕು?

3. ಯಾವುದು ಹಿಂದಿನ ತಿಂಗಳಿಗಿಂತ ಮೇಲಾಯಿತು? ಯಾವುದು ಕೆಟ್ಟಿತು?

4. ಮುಂದಿನ ತಿಂಗಳು ಒಂದೇ ಒಂದು ಸಂಗತಿ ಬದಲಿಸುವುದಾದರೆ ಯಾವುದನ್ನು?

ನಾಲ್ಕನೆಯದಕ್ಕೆ ಒಂದೇ ಉತ್ತರ ಬರೆಯಿರಿ. ಹತ್ತು ಬರೆದರೆ ಒಂದೂ ಆಗುವುದಿಲ್ಲ.

ಕೇಳುವ ಮಾತು, ಹೇಳುವ ಮಾತು

"ನನ್ನ ಕಾಗುಣಿತ ತಪ್ಪುತ್ತೆ. ನಾಚಿಕೆ ಆಗುತ್ತೆ."

ತಪ್ಪಲಿ ಬಿಡಿ. ಇದಕ್ಕೆ ಯಾರೂ ಅಂಕ ಹಾಕುವುದಿಲ್ಲ. ನಿಮಗೆ ಅರ್ಥವಾದರೆ ಸಾಕು. ಮೂರು ತಿಂಗಳ ಮೇಲೆ ಮೊದಲ ಪುಟ ನೋಡಿ. ಎಷ್ಟು ಕಲಿತಿದ್ದೀರಿ ಎಂದು ನಿಮಗೇ ತಿಳಿಯುತ್ತದೆ.

"ಒಂದು ವಾರ ಬರೆಯೋಕೆ ಆಗಲಿಲ್ಲ. ಬಿಟ್ಟೇ ಹೋಯ್ತು."

ಹೋದ ವಾರ ಹೋಗಲಿ. ಇವತ್ತಿನಿಂದ ಬರೆಯಿರಿ. ಒಂದು ಹೊತ್ತು ಊಟ ತಪ್ಪಿತು ಎಂದು ಮುಂದಿನ ಹೊತ್ತೂ ಊಟ ಬಿಡುತ್ತೇವೆಯೇ?

"ಕೂಲಿ ಕೊಡೋರು, ಅಂಗಡಿಯೋರು ನನ್ನ ಪುಸ್ತಕ ನಂಬ್ತಾರಾ?"

ನಾವೇ ಬರೆದ ಲೆಕ್ಕವನ್ನು ಅವರು ಒಪ್ಪಲೇಬೇಕು ಎಂದಿಲ್ಲ. ಆದ್ದರಿಂದ ಕೊಟ್ಟಾಗ, ತೆಗೆದುಕೊಂಡಾಗ ಅವರ ಸಹಿಯನ್ನೂ ಹಾಕಿಸಿ. ಆಗ ಗಟ್ಟಿ. ಸಹಿ ಇಲ್ಲದಿದ್ದರೂ ತಾರೀಖು ಹಾಕಿ ಹೇಳುವ ಮಾತಿಗೆ ತೂಕ ಹೆಚ್ಚು. "ಹೋದ ತಿಂಗಳು ಯಾವಾಗಲೋ" ಎಂದರೆ ಯಾರೂ ಕೇಳುವುದಿಲ್ಲ. "ಜೂನ್ 11, 12, ಎರಡು ದಿನದ್ದು 600" ಎಂದರೆ ಕೇಳುತ್ತಾರೆ.

"ಬೇರೆಯವರು ಓದಿಬಿಟ್ಟರೆ?"

ಇದು ಸರಿಯಾದ ಪ್ರಶ್ನೆ. ನಿಮ್ಮ ಪುಸ್ತಕ ನಿಮ್ಮದು. ಯಾರಿಗೆ ತೋರಿಸಬೇಕು ಎಂಬುದು ನಿಮಗೆ ಬಿಟ್ಟಿದ್ದು. ಬೇಕಾದರೆ ಎರಡು ಪುಸ್ತಕ ಇಡಿ. ಲೆಕ್ಕದ್ದು ಹೊರಗೆ ಇರಲಿ. ಮನಸ್ಸಿನದು ಸೀರೆ ಪೆಟ್ಟಿಗೆಯಲ್ಲಿ ಇರಲಿ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಯಾವ ದಿನ, ಏನಾಯಿತು, ಎಲ್ಲಿ ಗಾಯ, ಯಾವ ಆಸ್ಪತ್ರೆಗೆ ಹೋದಿರಿ ಎಂದು ಬರೆಯಿರಿ. ದೂರು ಕೊಡುವಾಗ ಆ ತಾರೀಖುಗಳು ನೆರವಿಗೆ ಬರುತ್ತವೆ. ಆದರೆ ಆ ಪುಸ್ತಕ ಮನೆಯಲ್ಲಿ ಇಡುವುದು ಅಪಾಯ ಅನ್ನಿಸಿದರೆ ನಂಬಿದ ಗೆಳತಿಯ ಮನೆಯಲ್ಲಿಡಿ. ಸಹಾಯಕ್ಕೆ 181ಕ್ಕೆ ಫೋನ್ ಮಾಡಿ. ಅದು ಮಹಿಳಾ ಸಹಾಯವಾಣಿ. ಕೂಡಲೇ ಪೊಲೀಸರು ಬೇಕಾದರೆ 112.

ಇನ್ನೊಂದು ಎಚ್ಚರಿಕೆ. ಬ್ಯಾಂಕ್ ಕಾರ್ಡಿನ ಗುಟ್ಟಿನ ನಂಬರನ್ನು ಪುಸ್ತಕದಲ್ಲಿ ಬರೆಯಬೇಡಿ. ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಗೌರಮ್ಮನ ಕೊನೆಯ ಪುಟ

ಡಿಸೆಂಬರ್ ಕೊನೆಗೆ ಗೌರಮ್ಮನ ಪುಸ್ತಕ ತುಂಬಿತು. ಅತ್ತೆಯ ಮಾತ್ರೆ ಮುಗಿಯಲು ಇನ್ನು ಕೆಲವೇ ದಿನ ಇತ್ತು. ಕೆಮ್ಮು ಹೋಗಿತ್ತು. ಮೈ ಸ್ವಲ್ಪ ತುಂಬಿಕೊಂಡಿತ್ತು. ರಾಗಿ ಒಕ್ಕಣೆ ನಡೆದಿತ್ತು. ಹಸು ಗಬ್ಬವಾಗಿತ್ತು. ಅಂಗಡಿ ಸಾಲ ಪೂರ್ತಿ ತೀರಿರಲಿಲ್ಲ.

ಒಂದು ರಾತ್ರಿ ಅತ್ತೆ ಪಕ್ಕದಲ್ಲಿ ಬಂದು ಕೂತಳು.

"ಏನವ್ವಾ ಅದು, ದಿನಾ ಬರೀತೀಯ? ನನ್ನ ಬಗ್ಗೆ ಏನಾದ್ರೂ ಬರ್ದಿದ್ದೀಯಾ?"

"ಬರ್ದಿದ್ದೀನಿ ಅತ್ತೆ."

"ಓದು, ಕೇಳಾನ."

ಗೌರಮ್ಮ ಹಿಂದಕ್ಕೆ ತಿರುವಿದಳು. ಜೂನ್ 22ರ ಪುಟ ಸಿಕ್ಕಿತು. ಅತ್ತೆ ಕೆಮ್ಮಿದ್ದು, ತನಗೆ ಸಿಟ್ಟು ಬಂದದ್ದು, ಮಗನಿಗೆ ಹೊಡೆದದ್ದು. ಸ್ವಲ್ಪ ಹಿಂಜರಿದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದಳು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಸಿಟ್ಟು ಬಂದಿದ್ದನ್ನೂ ಬರ್ದಿದ್ದೀಯ. ಹೊಡೀಬಾರದಿತ್ತು ಅಂತಾನೂ ಬರ್ದಿದ್ದೀಯ. ನಂಗೆ ಬರೆಯೋಕೆ ಬಂದಿದ್ರೆ ನಾನೂ ಎಷ್ಟೋ ಬರೀತಿದ್ದೆ ಕಣವ್ವ" ಎಂದಳು.

"ಈಗಲೂ ಆಗುತ್ತೆ ಅತ್ತೆ. ಬನ್ನಿ, ಕೈ ಕೊಡಿ."

ಅಂದು ರಾತ್ರಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಹೊಸ ಅಕ್ಷರ ಮೂಡಿತು. ವಕ್ರವಾಗಿತ್ತು. ಗೆರೆ ದಾಟಿತ್ತು. ಅದು ಅತ್ತೆ ಬರೆದ "ಅ".

ಅಭ್ಯಾಸ

ಉತ್ತರ ಹೇಳಿ.

1. ಗೌರಮ್ಮ "ಡೈರಿ" ಎಂದರೆ ಏನು ಎಂದುಕೊಂಡಳು?

2. ಹಸು ಎಷ್ಟು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ?

3. ಎಷ್ಟು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು?

4. ಗಂಡನಿಗೆ ಗೌರಮ್ಮ ಮಾತಿನ ಬದಲು ಪುಸ್ತಕ ಕೊಟ್ಟಳು. ಏಕೆ?

5. ರಾಸಸುಂದರಿ ದೇವಿ ಓದಲು ಹೇಗೆ ಕಲಿತರು?

ಕೂಡಿ ಮಾತಾಡಿ.

1. ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳು ಯಾವ ಕಾರಣಕ್ಕೆ ಶಾಲೆ ತಪ್ಪಿಸುತ್ತಾರೆ? ಅದಕ್ಕೆ ಏನು ಮಾಡಬಹುದು?

2. ನಿಮಗೆ ಬರಬೇಕಾದ ಕೂಲಿ ಎಂದಾದರೂ ತಪ್ಪಿದೆಯೇ? ಆಗ ನಿಮ್ಮ ಬಳಿ ಲೆಕ್ಕ ಇತ್ತೇ?

ಲೆಕ್ಕ ಮಾಡಿ.

1. ಕೋಳಿಯನ್ನು ಮಾರ್ಚ್ 4ರಂದು ಕಾವಿಗೆ ಕೂರಿಸಿದಿರಿ. ಮರಿ ಬರುವುದು ಯಾವ ತಾರೀಖಿಗೆ?

2. ದಿನಕ್ಕೆ 300 ರೂಪಾಯಿಯಂತೆ 7 ದಿನ ದುಡಿದಿರಿ. 1,500 ರೂಪಾಯಿ ಕೊಟ್ಟರು. ಬಾಕಿ ಎಷ್ಟು?

ಬರೆಯಿರಿ.

ಇವತ್ತಿನ ತಾರೀಖು ಹಾಕಿ. ಇವತ್ತಿನ ನಾಲ್ಕು ಸಾಲು ಬರೆಯಿರಿ. ನಾಳೆಯೂ ಬರೆಯಿರಿ.

ಹೊಸ ಪದಗಳು

ದಿನಚರಿ – ದಿನದ ಸಂಗತಿ ಬರೆಯುವ ಪುಸ್ತಕ

ಆತ್ಮಕಥೆ – ತನ್ನ ಬದುಕಿನ ಕಥೆಯನ್ನು ತಾನೇ ಬರೆದದ್ದು

ಮನಃಶಾಸ್ತ್ರಜ್ಞ – ಮನಸ್ಸಿನ ಬಗ್ಗೆ ಅಭ್ಯಾಸ ಮಾಡಿದವರು

ಸಹಾಯವಾಣಿ – ನೆರವು ಕೇಳಲು ಇರುವ ಫೋನ್ ನಂಬರು

ಹಗೇವು – ಧಾನ್ಯ ಇಡಲು ನೆಲದಲ್ಲಿ ತೋಡಿದ ಗುಂಡಿ

(ಲೆಕ್ಕದ ಉತ್ತರ: 1. ಮಾರ್ಚ್ 25. 2. 600 ರೂಪಾಯಿ.)